ಕಾರ್ಬನ್ ಪ್ರತಿ

ಗಂಗಾವತಿ ತಹಶೀಲ್ದಾರ ಕಚೇರಿ ಎದುರು
ಬೇವಿನ ಗಿಡದ ಬುಡಕ್ಕೆ ನನ್ನ ಟೇಬಲ್ಲು.
ಪಕ್ಕದ ಜೆರಾಕ್ಸ್ ಅಂಗಡಿಯವರು ಕಂಪ್ಯೂಟರ್ ಇಟ್ಟು ಏಳು ವರ್ಷವಾಯಿತು.
ಪಂಪಣ್ಣ ಕರಡೋಣ ಮಾತ್ರ ಇಲ್ಲಿಗೇ ಬರುತ್ತಾನೆ,
ಈ ಮಷೀನಿನ ಕೈಗುಣ ಚಲೋ ಅಂತೆ.

ಐದು ಚುನಾವಣೆ, ಐದು ಪ್ರಮಾಣಪತ್ರ.
ಐದರದ್ದೂ ಕಾರ್ಬನ್ ಪ್ರತಿ
ಬಿಸ್ಕೀಟಿನ ತಗಡು ಡಬ್ಬಿಯಲ್ಲಿ ನನ್ನ ಹತ್ತಿರ ಇವೆ.
ಯಾರೂ ಕೇಳಿಲ್ಲ, ನಾನೂ ತೋರಿಸಿಲ್ಲ.

ಮೊದಲನೆಯದು ನನ್ನ ಗಂಡ ಹೊಡೆದದ್ದು,
ನಾನು ಪಕ್ಕದಲ್ಲಿ ಕೂತು ಹಾಳೆ ಜೋಡಿಸುತ್ತಿದ್ದೆ.
ಒಟ್ಟು ನಾಲ್ಕು ಹಾಳೆ.
ವೃತ್ತಿ: ಅಕ್ಕಿ ಗಿರಣಿ ಹಮಾಲರ ಸಂಘದ ಗುಮಾಸ್ತ.
ವಾಹನ: ಲೂನಾ ಒಂದು, ಹಳೆಯದು.
ಬಂಗಾರ: ಹೆಂಡತಿಯ ಕೊರಳಲ್ಲಿ ಎರಡು ತೊಲ.
'ತೊಲಾ ನಡೆಯಂಗಿಲ್ಲ, ಗ್ರಾಮಿನಾಗ ಬರೀಬೇಕು' ಅಂದರು ಇವರು.
'ಬರೀರಿ, ಆದ್ರ ಹೆಚ್ಚಾಗಬಾರದು ನೋಡ್ರಿ' ಅಂತ ನಕ್ಕ.
ಸಾಲದ ಖಾನೆಗೆ: ಇಲ್ಲ.
ನೋಟರಿ ಮೊಹರು ಒಣಗುವ ಮೊದಲೇ
ಠೇವಣಿಗೆ ಸಾವಿರದ ಇನ್ನೂರು ಕಡಿಮೆ ಬಿತ್ತು.
ಇವರು ಅಂಗಿಯ ಒಳಜೇಬಿಗೆ ಕೈ ಹಾಕಿದರು.

ಎರಡನೇ ಸಲ ವೃತ್ತಿ: ಕೃಷಿ.
ಅಷ್ಟರಲ್ಲಿ ಎಪಿಎಂಸಿ ಉಪಾಧ್ಯಕ್ಷನಾಗಿದ್ದ, ನಿಗಮವೊಂದರ ಕಾರು ಸಿಕ್ಕಿತ್ತು.
ಮೂರನೇ ಸಲಕ್ಕೆ ಇವರು ಇರಲಿಲ್ಲ, ಬೆರಳು ನನ್ನವು.
ಕೃಷಿ ಮತ್ತು ವ್ಯಾಪಾರ, ಅಂದ, ಹೊಡೆದೆ.
ಹೆಂಡತಿ ಹೆಸರಿಗೆ ಗಿರಣಿಯಲ್ಲಿ ಪಾಲು,
ಯಾವ ಗಿರಣಿಯ ಬಾಗಿಲಲ್ಲಿ ನಿಂತು
ಹಮಾಲರ ಮೂಟೆ ಎಣಿಸಿ ಚೀಟಿ ಬರೆಯುತ್ತಿದ್ದನೋ
ಅದೇ.
ಆಮೇಲೆ ಹನ್ನೊಂದು ತಿಂಗಳು ಮಂತ್ರಿ.
ನಾಲ್ಕನೇ ಸಲ ವೃತ್ತಿ ಬರೀ ಸಮಾಜಸೇವೆ,
ಹಾಳೆ ಹತ್ತೊಂಬತ್ತು.
ಮೊದಲು ಸೊನ್ನೆಗಳು ಖಾನೆಯಲ್ಲಿ ಒಂಟಿಯಾಗಿ ಕೂರುತ್ತಿದ್ದವು.
ಈಗ ಅಂಕಿಯ ಬೆನ್ನು ಹತ್ತಿ ಸಾಲಾಗಿ ಬರುತ್ತವೆ, ಮದುವೆ ದಿಬ್ಬಣದ ಹಾಗೆ.
ಸೊನ್ನೆಯ ಕೀಲಿ ಸವೆದು, ಹಾಳೆ ತೂತಾಗತೊಡಗಿತು.

ಅಲ್ಲಿ ಒಳಗೆ ಕೂತು ಏನೆಂದ ಅನ್ನುವುದಕ್ಕೆ
ಈ ನಮೂನೆಯಲ್ಲಿ ಖಾನೆ ಇಲ್ಲ.
ಐದನೇ ಸಲ ರಿಬ್ಬನ್ ತಿರುಗಿಸುತ್ತ ಕೇಳಿದೆ:
'ಹಮಾಲರ ನಿಧಿಗೆ ಗಿರಣಿಯವರು ಕಟ್ಟೋ ಪಾಲು
ಅರ್ಧಕ್ಕ ಇಳಿಸೋ ಮಸೂದಿ ಬಂದಿತ್ತಲ್ಲರಿ, ನೀವೇನಂದ್ರಿ?'

'ಧ್ವನಿಮತ ಅದು, ಖಾಜಾಬನಿ.
ಹೌದು ಅನ್ನೋರು ಹೌದು ಅನ್ರಿ ಅಂತಾರ, ಎಲ್ಲಾರೂ ಕೂಡಿ ಅಂತೀವಿ.
ಯಾವ ದನಿ ಯಾರದು ಅಂತ ಯಾರು ಬರಕೊಂತಾರ?'

ಸದ್ದಿಗೆ ಕಾರ್ಬನ್ ಇಡಲು ಬರುವುದಿಲ್ಲ.
ನಾನು ಮುಂದಿನ ಹಾಳೆ ಏರಿಸಿದೆ.

ಮೂವತ್ತೊಂದರಲ್ಲಿ ಇಪ್ಪತ್ತೆಂಟನೆಯದು:
ಖಾಸಗಿ ವ್ಯಕ್ತಿಗಳಿಂದ ಪಡೆದ ಸಾಲ.
'ಇಲ್ಲ ಅಂತ ಹಾಕವಾ.'
ಬೆರಳು ಕೀಲಿಯ ಮೇಲೆಯೇ ನಿಂತವು.
ಅವನು ಬೇವಿನ ಗಿಡದ ತುದಿ ನೋಡಿದ,
ಅಲ್ಲಿ ಕಾಗೆಯೂ ಇರಲಿಲ್ಲ.
ಹಾಕಿದೆ.

ಹಾಳೆಗೆ ಹತ್ತರಂತೆ ಮುನ್ನೂರ ಹತ್ತು.
ಐದುನೂರರ ನೋಟು ಕೊಟ್ಟು 'ಉಳಿದದ್ದು ಇಟ್ಕೋ' ಅಂದ.
'ಬ್ಯಾಡ್ರಿ, ನಾಳೆ ಎಲೆಕ್ಷನ್ನಿಗೆ ನಾ ನಿಂತರ
ನನ್ನ ಖಾನೇದಾಗ ಬರೀಬೇಕಾಗ್ತದ'
ಅಂತ ನೂರ ತೊಂಬತ್ತು ಎಣಿಸಿಟ್ಟೆ.
ಹಿಂಬಾಲಕರು ನಕ್ಕರು. ಅವನೂ, ತುಸು ತಡವಾಗಿ.

ನಾಲ್ಕು ಸಲ ಅವನಿಗೇ ಒತ್ತಿದ್ದೆ.
ಐದನೇ ಸಲದ್ದು ಕೇಳಬೇಡಿ,
ಅದಕ್ಕೂ ಎಲ್ಲೂ ಖಾನೆ ಇಲ್ಲ.

ಕಾರುಗಳ ಧೂಳು ಇಳಿಯುವ ಹೊತ್ತಿಗೆ
ಹಮಾಲ ಹುಲಿಗೆಪ್ಪ ಗೋಡೆ ಹಿಡಿದು ಬಂದ.
ಸೊಂಟ ಹೋಗಿ ಆರು ತಿಂಗಳು.
ಮೂರನೇ ಅರ್ಜಿ ಇದು, ಅದೇ ನಿಧಿಗೆ.
ಮೊದಲೆರಡಕ್ಕೂ ಬಂದ ಉತ್ತರ ಎರಡೇ ಪದ: ಹಣ ಇಲ್ಲ.
'ಈ ಸಲ ಸ್ವಲ್ಪ ಜೋರಾಗಿ ಹೊಡಿಯವ್ವ' ಅಂದ,
ಜೋರಾಗಿ ಹೊಡೆದರೆ ಅಲ್ಲಿ ಕೇಳಿಸುತ್ತದೆ ಅನ್ನುವ ಹಾಗೆ.

ಕಾರ್ಬನ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ.
ಇನ್ನೂ ಒಂದೆರಡು ಸಲಕ್ಕೆ ಬರುತ್ತಿತ್ತು.
ಅದನ್ನೇ ಇಟ್ಟೆ.