ತಲೆಯೊಳಗಿನ ಮಣ್ಣು

ಅಂಗಡಿ ಮುಚ್ಚುವ ವಾರ, ಎಲ್ಲವೂ ಅರ್ಧ ಬೆಲೆಗೆ.
ಕೊನೆಯ ಕಪಾಟಿನ ಮೂಲೆಯಲ್ಲಿ ಧೂಳು ಹೊದ್ದು
ಒಂದೇ ಒಂದು ಉಳಿದಿತ್ತು:
ಕಕ್ಕಸಿನ ಆಕಾರದ ರಾಕೆಟ್ಟು.
ಹೌದು, ಕಕ್ಕಸು. ಹಲಗೆ ಗೋಡೆ, ಇಳಿಜಾರು ಮಾಡು,
ಬಾಗಿಲಿಗೆ ಕೊರೆದ ಅರ್ಧಚಂದ್ರ.
ಹತ್ತು ವರ್ಷ ಮೇಲ್ಪಟ್ಟವರಿಗೆ ಎಂದಿತ್ತು ಡಬ್ಬಿಯ ಮೇಲೆ.
ನನಗೆ ಅರವತ್ತೊಂಬತ್ತು. ಕೊಂಡೆ.

ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದೆ
ಸಸ್ಕ್ಯಾಚೆವಾನಿನ ಈ ಚಪ್ಪಟೆ ನೆಲದಲ್ಲಿ.
ಇಲ್ಲಿ ಎತ್ತರವೆಂದರೆ ಗೋಧಿಯ ಕಣಜ, ಅದು ಬಿಟ್ಟರೆ ಮೋಡ.
ಮೇಲಕ್ಕೆ ಹೋಗುವ ದಾರಿ
ನನ್ನ ರೂಟಿನಲ್ಲಿ ಇರಲಿಲ್ಲ.

ಚಳಿಗಾಲವಿಡೀ ಅಡುಗೆಮನೆಯ ಮೇಜು ಅದರ ಪಾಲು.
ಬಾಲ್ಸಾ ಮರ, ಉಗುರು ತಾಗಿದರೂ ನೋಯುವ ಮರ,
ಮರಳುಕಾಗದದಲ್ಲಿ ಉಜ್ಜಿ ಉಜ್ಜಿ
ಬೀಟ್‌ರೂಟ್ ಸಾರಿನಲ್ಲೂ ಅದರ ಪುಡಿ.
ನಾಲ್ಕು ರೆಕ್ಕೆ ಇರಬೇಕಾದಲ್ಲಿ ಮೂರೇ ಇದ್ದವು.
ನಾಲ್ಕನೆಯದನ್ನು ಹಳೇ ಕ್ಯಾಲೆಂಡರಿನ ರಟ್ಟಿನಿಂದ ಕತ್ತರಿಸಿದೆ.
ಫೆಬ್ರವರಿಯ ಎರಡು ವಾರ ಅದರ ಮೈಮೇಲೆ ಹಾಗೇ ಉಳಿದವು.

ತಮ್ಮ ಮೈರನ್ ಕಾಫಿಗೆ ಬಂದ. ನೋಡಿದ.
"ಇದು ಹಾರುತ್ತೋ, ನಾರುತ್ತೋ?"
ನಕ್ಕೆವು. ಆಮೇಲೆ ಇಬ್ಬರೂ ಸುಮ್ಮನಾದೆವು.
ಮೈನಸ್ ನಲವತ್ತರ ಇರುಳು, ಹಿತ್ತಿಲ ಆ ಹಲಗೆಗೂಡು,
ಒಳಗೆ ಅವನು, ಹೊರಗೆ ಲಾಟೀನು ಹಿಡಿದು ನಾನು.
"ಇದ್ದೀಯಾ?"
"ಇದ್ದೇನೆ."
"ಇದ್ದೀಯಾ?"
"ಇದ್ದೇನೆ, ಬೇಗ ಮುಗಿಸೋ ಮಾರಾಯ."

ಈ ಮೋಟು ರಾಕೆಟ್ಟಿಗೆ ಒಂದು ಕಾಯಿಲೆ: ತಲೆ ಹಗುರ.
ಹಾಗೇ ಬಿಟ್ಟರೆ ಗಿರಗಿರ ತಿರುಗಿ ನೆಲ ಹುಡುಕುತ್ತದೆ.
ಅದಕ್ಕೇ ಒಂಬತ್ತನೆಯ ಸೂಚನೆ:
ಮಾಡಿನೊಳಗೆ ಜೇಡಿಮಣ್ಣು ತುಂಬಿ, ಗಟ್ಟಿಯಾಗಿ ಒತ್ತಿ.
ಓದಿ ಹೇಳಿದೆ. ಮೈರನ್ ಕಪ್ಪು ಕೆಳಗಿಟ್ಟ.

ಮೂರನೆಯ ತರಗತಿಯಲ್ಲಿ ಎರಡು ವರ್ಷ ಕೂತವನು.
ಮಿಸ್ ಥರ್ಸ್ಟನ್ ಬೆರಳ ಗೆಣ್ಣಿನಿಂದ ಅವನ ನೆತ್ತಿ ಕುಟ್ಟಿ
"ಏನಿದೆ ಇದರೊಳಗೆ? ಬರೀ ಮಣ್ಣು" ಅಂದಾಗ
ಇಡೀ ಶಾಲೆ ನಕ್ಕಿತ್ತು.
ಒಂದೇ ಕೋಣೆಯ ಶಾಲೆ ಅದು. ಹಿಂದಿನ ಬೆಂಚಿನಲ್ಲಿ ನಾನಿದ್ದೆ.
ನಾನೂ.

"ತಾ ಇಲ್ಲಿ" ಎಂದ.
ಬೂದು ಜೇಡಿಯನ್ನು ಅಂಗೈಯಲ್ಲಿ ಉಂಡೆ ಕಟ್ಟಿ
ಟ್ರ್ಯಾಕ್ಟರು ಬಿಚ್ಚಿ ಕೂಡಿಸಿ ಸವೆದ ಹೆಬ್ಬೆರಳಿನಿಂದ
ಮೂಲೆಮೂಲೆಗೂ ಒತ್ತಿದ. ಸೊಂಟಕ್ಕೆ ದಾರ ಕಟ್ಟಿ
ಅಂಗಳದ ಹಿಮದಲ್ಲಿ ನಿಂತು ತಲೆಯ ಸುತ್ತ ಬೀಸಿದ.
ಎರಡು ಸಲ ಹಿಮ್ಮುಖವಾಗಿ ಸುತ್ತಿತು. ಇನ್ನಷ್ಟು ಮಣ್ಣು.
ಮೂರನೆಯ ಸಲ ಮಾಡು ಮುಂದೆ, ರೆಕ್ಕೆ ಹಿಂದೆ,
ಗಾಣದೆತ್ತಿನಷ್ಟು ವಿಧೇಯ.

ಮೇ ತಿಂಗಳು, ಕೂಳೆ ಹೊಲ, ಗಾಳಿ ಸ್ವಲ್ಪ ಜಾಸ್ತಿ.
ಅಜ್ಜಿಯ ಭಾಷೆಯಲ್ಲಿ ಎಣಿಸಿದೆವು: ಪ್ಯಾತ್, ಚೋತಿರಿ, ತ್ರಿ...
ಗುಂಡಿ ಒತ್ತಿದೆ. ಏನೂ ಇಲ್ಲ.
ಮೇಯುತ್ತಿದ್ದ ಹಸುವೊಂದು ತಲೆ ಎತ್ತಿ ಮತ್ತೆ ತಗ್ಗಿಸಿತು.
ಒಂದು ನಿಮಿಷ ಕಾಯಬೇಕು, ನಿಯಮ.
ಕಾದು, ಬತ್ತಿ ಬದಲಿಸಿ, ಮತ್ತೆ ಪ್ಯಾತ್‌ನಿಂದ.

ಬುಸ್ಸೆಂದಿತು. ರೆಪ್ಪೆ ಬಡಿಯುವಷ್ಟರಲ್ಲಿ
ಕಂಬಿಯಲ್ಲಿ ಬರೀ ಹೊಗೆ, ಸುಟ್ಟ ಗಂಧಕದ ವಾಸನೆ,
ಕಕ್ಕಸು ಮೋಡದ ಕಡೆಗೆ ಹೊರಟುಹೋಗಿತ್ತು,
ನೆಟ್ಟಗೆ, ಅಯ್ಯೋ, ಅದೆಷ್ಟು ನೆಟ್ಟಗೆ!
ಮೈರನ್ ಬಾಯಿ ತೆರೆದು ನಿಂತಿದ್ದ,
ಅರವತ್ತೇಳರ ಮುಖದಲ್ಲಿ ಹಲ್ಲು ಬಿದ್ದ ಹುಡುಗ.

ಮೇಲೆ ಟಪ್ಪೆಂದು ಮಾಡು ಕಳಚಿತು.
ರಬ್ಬರಿನ ಎಳೆ ಸುಟ್ಟಿತ್ತೋ ಏನೋ,
ಗೋಡೆಗಳು ಕಿತ್ತಳೆ ಛತ್ರಿ ಹಿಡಿದು ಬೇಲಿಯಾಚೆ ತೇಲಿದವು,
ಮಾಡು ಮಾತ್ರ ಕಲ್ಲಿನಂತೆ ಬಿತ್ತು.
ಮೊಣಕಾಲು ಮರೆತು ಅವನು ಛತ್ರಿಯ ಹಿಂದೆ ಓಡಿದ,
ಟೋಪಿ ಕೈಯಲ್ಲಿ.

ಕೂಳೆಯಲ್ಲಿ ಹುಡುಕಿ ಮಾಡನ್ನು ಹೆಕ್ಕಿದೆ.
ಅಂಚಿನಿಂದ ಅಂಚಿಗೆ ಸೀಳಿತ್ತು. ಒಳಗೆ ಮಣ್ಣು ಒಣಗಿ
ಅವನ ಹೆಬ್ಬೆರಳ ಗೆರೆಗಳು,
ಮೇಲಿನಿಂದ ಕಂಡ ಉಳುಮೆಯ ಹಾಗೆ.

ಬೇಲಿಯಾಚೆಯಿಂದ ಕೂಗು:
"ತಲೆ ಸಿಕ್ಕಿತೇನೇ?"
"ಸಿಕ್ಕಿತು," ಎಂದೆ. "ಒಡೆದಿದೆ.
ಮಣ್ಣು ಚೆನ್ನಾಗಿದೆ."