ಹದಿನಾಲ್ಕನೇ ಸೀಟು

ಇಪ್ಪತ್ತೆರಡು ವರ್ಷದಿಂದ ನಾನು
ಯುದ್ಧಗಳನ್ನು ಬೆನ್ನ ಹಿಂದಿನಿಂದಲೇ ನೋಡಿದವಳು.
ಉಯ್‌ಜಾಂಗ್‌ಬು ರೈಲು ನಿಲ್ದಾಣದೆದುರು
ಎರಡನೇ ಮಹಡಿ, ನಲವತ್ತು ಕಂಪ್ಯೂಟರು,
ಗಂಟೆಗೆ ಸಾವಿರದಿನ್ನೂರು ವಾನ್.
ನೂಡಲ್ಸಿಗೆ ಬೇರೆ. ಮೊಟ್ಟೆ ಹಾಕಿದರೆ ಇನ್ನೂ ಬೇರೆ.
ಸೈನ್ಯದ ಡಬ್ಬಿಯಲ್ಲಿ ಮಿಕ್ಕ ಮಾಂಸದಿಂದ
ಸಾರು ಕಾಯಿಸಿ ಬದುಕಿದ ಊರು ಇದು.

ಇನ್‌ಗ್ಯು, ನೀನು ಕೇಳಿದ್ದೆಯಲ್ಲ ಒಮ್ಮೆ,
"ಚಿಕ್ಕಮ್ಮ, ಎರಡರಲ್ಲಿ ಯಾವ ಆಟ ಒಳ್ಳೆಯದು?"

ಮೊದಲನೆಯದು, ‘ಉಕ್ಕಿನ ಗಡಿ’:
ಹದ್ದಿನ ಕಣ್ಣಿಗೆ ಬಿದ್ದಂತೆ ಕೆಳಗೆ ಭೂಮಿ.
ಐವತ್ತು ತೂಕ ಅದಿರು, ಹದಿನೆಂಟು ಸೆಕೆಂಡು,
ಶಿಬಿರದ ಬಾಗಿಲು ತೆರೆದು ಒಬ್ಬ ಸಿಪಾಯಿ.
ಮತ್ತೆ ಹದಿನೆಂಟು. ಮತ್ತೊಬ್ಬ. ಅದೇ ಮುಖ, ಅದೇ ಗಂಟಲು.
ಕ್ಲಿಕ್ಕಿಸಿದರೆ "ಅಪ್ಪಣೆ!" ಎನ್ನುತ್ತಾನೆ,
ಹತ್ತು ಸಲ ಕ್ಲಿಕ್ಕಿಸಿದರೆ ಸಿಡುಕುತ್ತಾನೆ, ಅಷ್ಟೇ ಅವನ ಸ್ವಭಾವ.
ಸತ್ತರೆ ಒಂದು ಕೆಂಪು ಚುಕ್ಕೆ; ಮೂರೆಣಿಸುವುದರೊಳಗೆ
ಹುಲ್ಲು ಅದನ್ನು ಕುಡಿದುಬಿಡುತ್ತದೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಬೈಯಲಾರೆ ಅದನ್ನು. ಈ ಅಂಗಡಿಯ ಬಾಡಿಗೆ ಕಟ್ಟಿದ್ದೇ ಅದು.
ಮಗಳ ಹಲ್ಲಿನ ತಂತಿಗೆ ದುಡ್ಡು ಕೊಟ್ಟದ್ದೂ ಅದೇ.
ಆ ಆಟದಲ್ಲಿ ಹುಡುಗರ ಬೆರಳು
ಬಾಣಲೆಯ ಎಳ್ಳಿನಂತೆ ಚಟಪಟ, ಯೋಚಿಸಲು ಪುರುಸೊತ್ತಿಲ್ಲ,
ಅದಕ್ಕೇ ಹಸಿವು ಜೋರು, ನೂಡಲ್ಸು ಖರ್ಚು.

ಎರಡನೆಯದು, ‘ಹನ್ನೆರಡು ಮಂದಿ’, ವ್ಯಾಪಾರಕ್ಕೆ ದಂಡ.
ಒಂದು ಹೆಜ್ಜೆ ಇಡಿಸಲು ನೀನು ಕಾಲು ಗಂಟೆ ಕೂರುತ್ತೀ,
ಉಗುರು ಕಚ್ಚುತ್ತೀ, ಬಟ್ಟಲು ಆರಿ ಎಣ್ಣೆ ಹೆಪ್ಪುಗಟ್ಟುತ್ತದೆ.
ಹನ್ನೆರಡೇ ಜನ. ಒಬ್ಬನಿಗೆ ಕತ್ತಲೆಂದರೆ ಭಯ,
ಒಬ್ಬಳಿಗೆ ಎಡಗಿವಿ ಕೇಳದು. ಬೂಟು ಒದ್ದೆಯಾದರೆ
ಮೂರನೇ ದಿನ ಕಾಲು ಕೊಳೆಯುತ್ತದೆ.
ಸತ್ತವರು ಪಟ್ಟಿಯಿಂದ ಅಳಿಯುವುದಿಲ್ಲ,
ಬೂದು ಅಕ್ಷರದಲ್ಲಿ ಕಡೆಯವರೆಗೂ ನಿಂತಿರುತ್ತಾರೆ.
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಹಿಂದಿನ ಗಳಿಗೆಗೆ ಮರಳುವ ಗುಂಡಿಯನ್ನು
ಮಾಡಿದವರು ಇಟ್ಟೇ ಇಲ್ಲವಂತೆ.

ಹೋದ ವಾರ ನೀನು ಅವರಿಗೆಲ್ಲ ನಮ್ಮ ಹೆಸರಿಟ್ಟೆ.
ಮೆಷಿನ್‌ಗನ್ನಿಗೆ ಗೆಳೆಯ ದಾಲ್ಸು, ಅಡುಗೆಗೆ ಗಣಿತದ ಮೇಷ್ಟ್ರು,
ಬ್ಯಾಂಡೇಜಿನ ಚೀಲ ಹೊರಲು ಒಕ್‌ಹೀ, ಅಂದರೆ ನಾನು.
ಸೇತುವೆ ದಾಟಬೇಕಿತ್ತು. ನನ್ನನ್ನೇ ಮೊದಲು ಕಳಿಸಿದೆ.
ನಿನ್ನ ಹಿಂದೆ ಟ್ರೇ ಹಿಡಿದು ನಿಂತು
ನನ್ನನ್ನೇ ನೋಡಿದೆ: ನಾಲ್ಕು ಹೆಜ್ಜೆ ಬಗ್ಗಿ ಓಡಿದೆ,
ಐದನೆಯದಕ್ಕೆ ಕುಸಿದೆ,
ಶೂ ಬಿಚ್ಚಲು ಹೊಸಿಲಲ್ಲಿ ಕೂತವಳಂತೆ.
ನೀನು ತಿರುಗಿ, ಎದ್ದು, ಸೊಂಟ ಬಗ್ಗಿಸಿ
"ತಪ್ಪಾಯಿತು ಚಿಕ್ಕಮ್ಮ" ಎಂದೆ, ನಿಜಕ್ಕೂ ಕೊಂದವನ ಮುಖದಲ್ಲಿ.
ನಕ್ಕೆ. ಮೊಟ್ಟೆಗೆ ದುಡ್ಡು ಹಿಡಿಯಲಿಲ್ಲ.
ರಾತ್ರಿ ಗಲ್ಲಾ ಎಣಿಸುವಾಗ ಮಾತ್ರ ಎರಡು ಸಲ ತಪ್ಪಿದೆ.

ನಿನ್ನೆ ಬಂದಾಗ ನಿನ್ನ ತಲೆ ನುಣ್ಣಗೆ.
ಕಿವಿಗಳು ಹೊಸದಾಗಿ ಅಂಟಿಸಿದಂತಿದ್ದವು.
ನೊನ್ಸಾನ್, ಹದಿನೆಂಟು ತಿಂಗಳು.
(ಸಿಪಾಯಿಗೆ ಹದಿನೆಂಟು ಸೆಕೆಂಡೆಂದು ಬರೆದವನಿಗೆ
ಆ ಲೆಕ್ಕ ಯಾರು ಹೇಳಿಕೊಟ್ಟರೋ.)
ಎರಡೂ ಆಟ ತೆರೆದೆ, ಎರಡನ್ನೂ ಮುಚ್ಚಿದೆ,
ಹಂದಿ ಓಡಿಸುವ ಯಾವುದೋ ಮಕ್ಕಳಾಟ ಆಡಿದೆ ಹತ್ತರವರೆಗೆ.

ಈ ಹೊತ್ತಿಗೆ ನಿನ್ನ ಬಸ್ಸು ಚೊನಾನ್ ದಾಟಿರಬೇಕು.
ಅಲ್ಲಿ ಯಾರಾದರೂ ಕೇಳಿದರೆ
ಮೊದಲನೆಯದೇ ಒಳ್ಳೆಯದು ಎಂದುಬಿಡು, ಹುಡುಗರು ಒಪ್ಪುತ್ತಾರೆ.
ನಿನ್ನನ್ನು ಸೇತುವೆಗೆ ಕಳಿಸುವವರು ಮಾತ್ರ
ಎರಡನೆಯದನ್ನು ಆಡಿದವರಾಗಿರಲಿ.

ನಿನ್ನ ಖಾತೆಯಲ್ಲಿ ಎರಡು ಗಂಟೆ ಹತ್ತು ನಿಮಿಷ ಮಿಕ್ಕಿದೆ.
ನಿಯಮದಂತೆ ಮೂವತ್ತು ದಿನಕ್ಕೆ ಅಳಿಯಬೇಕು.
ಗಡಿಯಾರ ನಿಲ್ಲಿಸುವ ಗುಂಡಿ ನನ್ನ ಮೇಜಿನಲ್ಲಿದೆ,
ಒತ್ತಿದ್ದೇನೆ.
ಹದಿನಾಲ್ಕನೇ ಸೀಟಿನಲ್ಲಿ ಈಗ ಯಾರೋ ಶಾಲೆಯ ಹುಡುಗ
ಸಿಪಾಯಿಗಳನ್ನು ಮಾಡುತ್ತಿದ್ದಾನೆ.
ಮೊಟ್ಟೆ ಹಾಕಲೇ ಎಂದು ಕೇಳಿದೆ.
ತಿರುಗಿ ನೋಡಲಿಲ್ಲ, ತಲೆಯಾಡಿಸಿದ.