ಕಾಯುವವರಿಲ್ಲದ ಅಂಗಡಿ

ಸೆಲಿಂಗ್ ದಾಟಿ ಚಂಫಾಯಿ ಕಡೆ ಹೊರಳುವ ರಸ್ತೆಯಲ್ಲಿ
ನಾಲ್ಕು ಬಿದಿರ ಗಳ, ಮೇಲೊಂದು ತಗಡು:
ಅಪ್ಪನ ಅಂಗಡಿ.
ಹಲಗೆಯ ಮೇಲೆ ಸೀಮೆಬದನೆ, ಶುಂಠಿ, ಸಾಸಿವೆ ಸೊಪ್ಪಿನ ಕಟ್ಟು,
ಬಾಟಲಿಯಲ್ಲಿ ಉಪ್ಪಿಗೆ ಹಾಕಿದ ಕಳಲೆ.
ಬೆಲೆ ಇದ್ದಿಲಲ್ಲಿ ಬರೆದದ್ದು.
ಮೊಳೆಗೆ ನೇತುಹಾಕಿದ ಹಾಲುಪುಡಿ ಡಬ್ಬಿ.
ಕಾಯುವವರು ಯಾರೂ ಇಲ್ಲ.

ಲಾರಿಯವರು ಇಳಿದು, ಕೈಯಲ್ಲೇ ತೂಗಿ ನೋಡಿ,
ದುಡ್ಡು ಹಾಕಿ, ಚಿಲ್ಲರೆ ತಾವೇ ಎಣಿಸಿಕೊಂಡು ಹೋಗುತ್ತಿದ್ದರು.
ಪು ರೊಕಿಮ ಆಗ ಎರಡು ಬೆಟ್ಟದಾಚೆ
ಕುಮರಿ ಹೊಲದಲ್ಲಿ ಕಳೆ ಕೀಳುತ್ತಿದ್ದ.
"ನೋಡುವವನು ಒಬ್ಬನಿದ್ದಾನಲ್ಲ" ಎನ್ನುತ್ತಿದ್ದ, ಕೇಳಿದರೆ.
ಕೇಳದಿದ್ದರೆ ಹೇಳುತ್ತಿರಲಿಲ್ಲ.
ಅವನ ಭಕ್ತಿ ಜೇಬಿನ ಕರ್ಚೀಫಿನ ಹಾಗೆ,
ಬೆವರಿದಾಗ ಮಾತ್ರ ಹೊರಗೆ.

ಹಾಡಲು ಬರುತ್ತಿರಲಿಲ್ಲ.
ಊರಿಗೆ ಊರೇ ನಾಲ್ಕು ದನಿಯಲ್ಲಿ ಹಾಡುವಾಗ ಅವನದು ಐದನೆಯದು.
ಅದಕ್ಕೇ ಡೋಲು ಕೊಟ್ಟರೆಂದು ಅಮ್ಮ ನಗುತ್ತಿದ್ದಳು.
ಮೂವತ್ತೊಂದು ವರ್ಷ ಬಾರಿಸಿದ.
ಸಭೆಯ ಹಿರಿಯರ ಚುನಾವಣೆಯಲ್ಲಿ ಮೂರು ಮತಕ್ಕೆ ಸೋತಾಗ
ಒಂದು ವಾರ ಯಾರೊಡನೆಯೂ ಮಾತಿಲ್ಲ;
ಎಂಟನೆಯ ದಿನ ಡೋಲಿನ ಚರ್ಮ ಬಿಗಿದು
ಗೆದ್ದವನ ಮನೆಗೆ ಕೋಳಿ ಕೊಟ್ಟು ಬಂದ.
ದೊಡ್ಡ ಕೋಳಿಯಲ್ಲ.

ಒಲೆಗೆ ಅಕ್ಕಿ ಹಾಕುವ ಮೊದಲು ಒಂದು ಹಿಡಿ ದೇವರಿಗೆ.
ನಮ್ಮಲ್ಲಿ ಮನೆಮನೆಯಲ್ಲೂ ಹಾಗೆ, ಹೆಂಗಸರ ಕೆಲಸ.
ಅಮ್ಮ ತೆಗೆದಿಟ್ಟು ಬೆನ್ನು ತಿರುಗಿಸಿದ ಮೇಲೆ
ಇವನೂ ಒಂದು ಹಿಡಿ ತೆಗೆದಿಡುತ್ತಿದ್ದ.
ಬಿದಿರು ಹೂಬಿಟ್ಟು ಇಲಿ ಹೆಚ್ಚಿ ಬೆಳೆ ಹೋದ ವರ್ಷ
ಮಡಕೆಯ ತಳ ಕಂಡು ಅಮ್ಮ ಸಿಡಿದಳು:
"ನಿಮ್ಮ ಮುಷ್ಟಿ ದೇವರ ಹೊಟ್ಟೆಗಿಂತ ದೊಡ್ಡದು!"
ಅಂಗೈ ಬಿಡಿಸಿ ನೋಡಿಕೊಂಡ, ಬಹಳ ಹೊತ್ತು.
ಮರುದಿನದಿಂದ ತನ್ನ ತಟ್ಟೆಗೆ ಕಡಿಮೆ ಬಡಿಸಿಕೊಂಡ,
"ಹಸಿವಿಲ್ಲ."
ಅವನ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು.

ಒಂದು ಬೇಸಿಗೆ ಡಬ್ಬಿಯಲ್ಲಿ ದುಡ್ಡು ಕಮ್ಮಿ ಬೀಳತೊಡಗಿತು.
ಮುಆನ, ನಮ್ಮಣ್ಣ. ಊರಿಗೆಲ್ಲ ಗೊತ್ತು,
ಐಜ್ವಾಲಿನ ಗೆಳೆಯರು, ಆ ಕಣ್ಣು.
ಅಪ್ಪ ಬೀಗ ಹಾಕಲಿಲ್ಲ. ಬೈಯಲಿಲ್ಲ ಅಂತಲ್ಲ,
ಬೈದ, ಒಮ್ಮೆ ಕೈಯೂ ಎತ್ತಿದ,
ಎತ್ತಿದ ಕೈ ಎಲ್ಲಿಡುವುದು ತಿಳಿಯದೆ
ತನ್ನ ತಲೆಯ ಮೇಲೇ ಇಟ್ಟುಕೊಂಡ.
ಆಮೇಲೆ ದಿನಾ ಸಂಜೆ ಡಬ್ಬಿ ಬರಿದು ಮಾಡುವಾಗ
ಹತ್ತರ ನೋಟೊಂದನ್ನು ತಳದಲ್ಲಿ ಬಿಟ್ಟು ಬರುತ್ತಿದ್ದ.
"ಬರಿಗೈಲಿ ತಿರುಗಿದರೆ ಇನ್ಯಾರದೋ ಮನೆಗೆ ನುಗ್ಗುತ್ತಾನೆ."

ಆ ನೋಟನ್ನು ಒಂದು ಸಲ ತೆಗೆದವಳು ನಾನು.
ಕೆಂಪು ಕ್ಲಿಪ್ಪಿಗೆ.
ಅಣ್ಣನ ಲೆಕ್ಕಕ್ಕೆ ಸೇರಿಹೋಯಿತು.
ಅಪ್ಪ ಕ್ಲಿಪ್ಪು ನೋಡಿ ಚೆನ್ನಾಗಿದೆ ಅಂದ.

ನವೆಂಬರಿನ ಮಂಜಿನಲ್ಲಿ ಊರ ಹುಡುಗರು
ಟಾರ್ಚು ಹಿಡಿದು ಕುಣಿ ತೋಡಿದರು.
ಅಳತೆಯ ಬಿದಿರು ಅವನದೇ,
ಅದರಲ್ಲಿ ಎಷ್ಟು ಜನರನ್ನು ಅಳೆದಿದ್ದನೋ;
ಅವನಿಗೆ ಒಂದು ಗೇಣು ಗಿಡ್ಡವಾಯಿತು.
ಮೂರು ರಾತ್ರಿ ಮನೆ ತುಂಬ ಹಾಡು.
ಡೋಲು ಯಾರು ಎಂದಾಗ ಅಣ್ಣ ಎದ್ದ.
ಲಯ ತಪ್ಪಿತು. ಯಾರೂ ತಿದ್ದಲಿಲ್ಲ;
ಹಾಡೇ ಅವನಿಗಾಗಿ ನಿಧಾನವಾಯಿತು.

ನಿನ್ನೆ ಅಂಗಡಿಗೆ ಹೋದೆ.
ಶುಂಠಿ ಮೊಳಕೆಯೊಡೆದಿತ್ತು.
ಇಬ್ಬನಿಗೆ ಬೆಲೆ ಅಳಿಸಿತ್ತು,
ಆದರೂ ಡಬ್ಬಿಯಲ್ಲಿ ದುಡ್ಡಿತ್ತು,
ಯಾರು ಯಾವ ಬೆಲೆಗೆ ಕೊಂಡರೋ.
ಇದ್ದಿಲು ಹುಡುಕಿ ಸೀಮೆಬದನೆ ಇಪ್ಪತ್ತು ಎಂದು ಬರೆದೆ.
ಎಣಿಸಿಕೊಂಡೆ, ತಳದಲ್ಲಿ ಹತ್ತು ಬಿಟ್ಟೆ.
ತಿರುವಿನ ತನಕ ನಡೆದವಳು ವಾಪಸು ಬಂದು
ಇನ್ನೊಂದು ಹತ್ತು ಹಾಕಿದೆ,
ಕ್ಲಿಪ್ಪಿನದು.